ಅಕ್ಕನ ನೆಂಟರು

ಫುಟ್‌ಬಾಲ್ ಆಟದಲ್ಲಿ ಚೆಂಡಿಗೆ ಕೈ ಮುಟ್ಟಿಸಬಾರದು ಎನ್ನುವುದು ಕೂಡ ಕೊಟ್ರಮ್ಮನಿಗೆ ಗೊತ್ತಿರಲಿಲ್ಲ. ಆದರೂ ಎಂಬತ್ಮೂರರ ಸಂಕ್ರಾಂತಿಯ ದಿನ ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಆ ಆಟದ ಫೈನಲ್ಲು ನ್ಯಾಮತಿಯಲ್ಲೇ ಆಗಬೇಕು, ಹೊನ್ನಾಳಿಗೆ ಮಾತ್ರ ಹೋಗಕೂಡದು ಎಂದು ಕೈ ಮುಗಿದು ಬೇಡಿಕೊಂಡಳು. ಪಾಪ, ದೇವರಾದರೂ ಏನು ಮಾಡಿಯಾನು! ಆಕೆಗೆ ಬೇಕಿದ್ದದ್ದು ಫುಟ್‌ಬಾಲೂ ಅಲ್ಲ, ಕಪ್ಪೂ ಅಲ್ಲ. ಹೊನ್ನಾಳಿಯಲ್ಲಿ ಆಕೆಯ ಅಕ್ಕ ಶಾಂತಾದೇವಿ ಇದ್ದಳು. ಅಷ್ಟೇ ವಿಷಯ.

ಶಾಂತಾದೇವಿ ಕೆಟ್ಟವಳೇನಲ್ಲ. ಅದೇ ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ಕೊಟ್ರಮ್ಮ ಎರಡು ಮಾತು ಬೈದು ಹಗುರಾಗುತ್ತಿದ್ದಳು. ಬಸವಾಪಟ್ಟಣದ ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳನ್ನು ಹೊನ್ನಾಳಿಯ ಅಡಿಕೆ ವ್ಯಾಪಾರಿ ವಿರೂಪಾಕ್ಷಪ್ಪನಿಗೆ ಕೊಟ್ಟರು, ಚಿಕ್ಕವಳನ್ನು ನ್ಯಾಮತಿಯ ಕಿರಾಣಿ ಅಂಗಡಿಯ ಮರುಳಪ್ಪನಿಗೆ. ಹೊನ್ನಾಳಿಯೆಂದರೆ ತಾಲೂಕು ಕಚೇರಿ, ಕೋರ್ಟು, ಹೊಳೆ, ಹೊಳೆಗೊಂದು ಸೇತುವೆ. ನ್ಯಾಮತಿ ಅದೇ ತಾಲೂಕಿನ ಒಂದು ಹೋಬಳಿ. ತವರಿಗೆ ಹೋದರೆ ಅವ್ವ ಬಾಗಿಲಲ್ಲೇ ನಿಂತು, "ಶಾಂತ ಬರ್ಲಿಲ್ಲೇನೇ?" ಎಂದು ಮೊದಲು ಕೇಳಿ, ಆಮೇಲೆ ಕೊಟ್ರಮ್ಮನ ಕೈಯ ಚೀಲ ಇಳಿಸಿಕೊಳ್ಳುತ್ತಿದ್ದಳು. ಶಾಂತನ ಮನೆಯಲ್ಲಿ ಎಷ್ಟು ಜನ ಉಂಡರೂ ಸೌಟು ಪಾತ್ರೆಯ ತಳ ಕೆರೆದ ಸದ್ದು ಕೇಳಿದವರಿಲ್ಲ ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಹೊಗಳಲಿ. ಆದರೆ ಕೊಟ್ರಮ್ಮನ ಮನೆಯಲ್ಲಿ ಕೂತು, ಕೊಟ್ರಮ್ಮ ಬಡಿಸಿದ್ದನ್ನು ಉಣ್ಣುತ್ತಲೇ ಹೊಗಳಬೇಕೇ?

ಇವೆಲ್ಲವನ್ನೂ ಆಕೆ ನುಂಗಿಕೊಂಡಿದ್ದಳು. ನುಂಗಲಾಗದ್ದು ಒಂದೇ ಒಂದು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು, ಶಾಂತಾದೇವಿ ಒಂದು ದಿನವೂ ತಂಗಿಯ ಮನೆಯಲ್ಲಿ ಎಲೆಯ ಮುಂದೆ ಕೂತಿರಲಿಲ್ಲ. ಶಿವಮೊಗ್ಗಕ್ಕೆ ಹೋಗುವಾಗಲೋ ಬರುವಾಗಲೋ ಆಕೆ ಬಸ್ಸಿಳಿದು ಹೊಸ್ತಿಲು ದಾಟುವ ಮೊದಲೇ ಕೊಟ್ರಮ್ಮ, "ಬಾ ಅಕ್ಕ ಬಾ. ನೀನೇನು ಬಿಡು, ದೊಡ್ಡ ಮನೆಯಾಕೆ, ಉಂಡೇ ಬಂದಿರ್ತಿ" ಎಂದು ನಗುನಗುತ್ತಲೇ ಚುಚ್ಚುತ್ತಿದ್ದಳು. ಶಾಂತಾದೇವಿ ಅಡುಗೆಮನೆಯ ಕಡೆ ಒಮ್ಮೆ ನೋಡಿ, "ಹ್ಞೂ ಕಣೇ, ಆಯ್ತು" ಎಂದು ಜಗಲಿಯ ಮೇಲೆ ಕೂತು ಚಾ ಕುಡಿದು, ಮುಂದಿನ ಬಸ್ಸಿಗೆ ಎದ್ದು ಹೋಗುತ್ತಿದ್ದಳು. ಆಕೆ ತಿರುವು ದಾಟಿದ್ದೇ ತಡ, ಕೊಟ್ರಮ್ಮ ಪಕ್ಕದ ಮನೆಯ ಅಂತರಘಟ್ಟಮ್ಮನನ್ನು ಕರೆದು, "ನೋಡಿದ್ರಾ ಸೊಕ್ಕು! ನಮ್ಮನೆ ಅನ್ನ ಆಕೆ ಗಂಟಲಲ್ಲಿ ಇಳಿಯಲ್ಲ" ಎಂದು ಹೊಟ್ಟೆಯ ಉರಿಯನ್ನೆಲ್ಲ ಕಾರಿಕೊಳ್ಳುತ್ತಿದ್ದಳು. ಅಂತರಘಟ್ಟಮ್ಮ ಎಲೆಯಡಿಕೆ ಮೆಲ್ಲುತ್ತ ತಲೆಯಾಡಿಸುತ್ತಿದ್ದಳು. ಆಕೆಗೂ ಹೊತ್ತು ಹೋಗಬೇಕಲ್ಲ.

ಹೀಗಿರುವಾಗ ಫುಟ್‌ಬಾಲು ಬಂತು.

ದಾವಣಗೆರೆಯ ಕಾಲೇಜುಗಳಲ್ಲಿ ಓದಲು ಆಗ ಎಲ್ಲೆಲ್ಲಿಂದಲೋ ಹುಡುಗರು ಬಂದಿದ್ದರು. ಕೀನ್ಯಾದವರು, ಇರಾನಿನವರು, ಮಲೇಶಿಯಾದವರು, ಸುಡಾನಿನವರು. ಅಲ್ಲಿನ ಯುವಕ ಸಂಘವೊಂದಕ್ಕೆ ಯಾರು ಹೇಳಿಕೊಟ್ಟರೋ, ಈ ಹುಡುಗರನ್ನೇ ನಾಲ್ಕು ದೇಶದ ನಾಲ್ಕು ತಂಡ ಮಾಡಿ, ಒಂದೊಂದನ್ನು ಒಂದೊಂದು ಊರಿಗೆ ಒಪ್ಪಿಸಿ, 'ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ' ಎಂದು ಗೋಡೆಗೋಡೆಗೆ ಪೋಸ್ಟರ್ ಅಂಟಿಸಿಬಿಟ್ಟಿತು. ಚನ್ನಗಿರಿಗೆ ಮಲೇಶಿಯಾ, ಜಗಳೂರಿಗೆ ಸುಡಾನ್, ಹೊನ್ನಾಳಿಗೆ ಇರಾನ್, ನ್ಯಾಮತಿಗೆ ಕೀನ್ಯಾ. ತಂಡವನ್ನು ಇಳಿಸಿಕೊಂಡ ಊರೇ ಅದಕ್ಕೆ ಉಳಿಯಲು ಜಾಗ ಕೊಡಬೇಕು, ಊಟ ಹಾಕಬೇಕು, ಮೈದಾನದಲ್ಲಿ ಅದರ ಪರವಾಗಿ ಕೂಗಬೇಕು. ಮೊದಲು ಜಗಳೂರಿನಲ್ಲಿ ಚನ್ನಗಿರಿಗೂ ಜಗಳೂರಿಗೂ ಆಟ, ನ್ಯಾಮತಿಯಲ್ಲಿ ಹೊನ್ನಾಳಿಗೂ ನ್ಯಾಮತಿಗೂ ಆಟ. ಗೆದ್ದ ಎರಡು ತಂಡಕ್ಕೆ ಫೈನಲ್ಲು. ಹೊನ್ನಾಳಿ ನ್ಯಾಮತಿಗಳಲ್ಲಿ ಯಾವ ಊರಿನ ತಂಡ ಗೆಲ್ಲುತ್ತದೋ ಆ ಊರಲ್ಲೇ ಫೈನಲ್ಲು. ಫೈನಲ್ಲಿನ ದಿನ ಆ ಊರಿನವರು ನಾಲ್ಕೂ ಊರಿನ ಸ್ವಾಗತ ಸಮಿತಿಯವರಿಗೆ, ಅವರ ಮನೆಯವರಿಗೆ, ಪಂಕ್ತಿ ಹಾಕಿ ಊಟ ಬಡಿಸಬೇಕು.

ಹೊನ್ನಾಳಿಯ ಸ್ವಾಗತ ಸಮಿತಿಗೆ ವಿರೂಪಾಕ್ಷಪ್ಪನೇ ಅಧ್ಯಕ್ಷ. ನ್ಯಾಮತಿಯ ಸಮಿತಿಗೆ ಮರುಳಪ್ಪ ಕಾರ್ಯದರ್ಶಿ. ಗಂಡ ಬಂದು ಈ ಸುದ್ದಿ ಹೇಳಿದಾಗ ಕೊಟ್ರಮ್ಮನಿಗೆ ಉಳಿದದ್ದೊಂದೂ ಕಿವಿಗೆ ಹೋಗಲಿಲ್ಲ.

"ಫೈನಲ್ಲು ಇಲ್ಲಾದ್ರೆ ನಮ್ಮಕ್ಕ ಬರಬೇಕೇನ್ರೀ?" ಎಂದು ಕೇಳಿದಳು.

"ಬರದೆ? ಅಧ್ಯಕ್ಷರ ಹೆಂಡ್ತಿ. ಮೊದಲನೆ ಪಂಕ್ತೀಲೇ ಕೂರಬೇಕು."

"ಉಣ್ಣಬೇಕೇನು?"

"ಪಂಕ್ತೀಲಿ ಕೂತು ಉಣ್ಣದೆ ಏನು ಭಜನೆ ಮಾಡಾಕಾಗುತ್ತೇನೇ?" ಎಂದು ಮರುಳಪ್ಪ ನಕ್ಕ.

ಆ ದಿನದಿಂದ ಕೊಟ್ರಮ್ಮನ ಕಣ್ಣ ಮುಂದೆ ಒಂದೇ ಚಿತ್ರ. ಅಕ್ಕ ಎಲೆಯ ಮುಂದೆ ಕೂತಿದ್ದಾಳೆ. ತಾನು ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದೇನೆ. ನಾಲ್ಕೂರಿನ ಜನ ನೋಡುತ್ತಿದ್ದಾರೆ. ಬೇಡ ಬೇಡ ಎಂದು ಅಕ್ಕ ಕೈ ಅಡ್ಡ ಹಿಡಿಯುತ್ತಾಳೆ, ತಾನು ಆ ಕೈಯ ಸಂದಿಯಲ್ಲೇ ಒಂದು ಹೋಳಿಗೆ ಜಾರಿಸುತ್ತೇನೆ. ರಾತ್ರಿ ಹಾಸಿಗೆಯಲ್ಲಿ ಮಲಗಿದರೂ ಇದೇ. ಕನಸಿನಲ್ಲಿ ಆಕೆ ಎಷ್ಟು ಹೋಳಿಗೆ ಬಡಿಸಿದಳೋ ಲೆಕ್ಕವಿಲ್ಲ.

ಊರು ಸಿಂಗಾರವಾಗತೊಡಗಿತು. ಬಸ್ ಸ್ಟ್ಯಾಂಡಿನ ಗೋಡೆಗೆ ಸುಣ್ಣ ಬಿತ್ತು. ಹೈಸ್ಕೂಲು ಮೈದಾನದ ಎರಡು ತುದಿಗೆ ಅಡಿಕೆ ಮರದ ಕಂಬ ನೆಟ್ಟು, ಮೀನುಗಾರರಿಂದ ಬಲೆ ಬೇಡಿ ತಂದು ಕಟ್ಟಿದರು. ಚರಂಡಿಯ ಮೇಲೆ ಚಪ್ಪಡಿ ಎಳೆದರು. ಮಾವಿನ ಸೊಪ್ಪಿನ ಕಮಾನು ಎದ್ದಿತು. ಕೀನ್ಯಾದವರು ಬಹಳ ಎತ್ತರವಂತೆ ಎಂದು ಯಾರೋ ಹೇಳಿದ್ದರಿಂದ ಹೈಸ್ಕೂಲಿನ ಕೋಣೆಯಲ್ಲಿ ಬೆಂಚುಗಳನ್ನು ಎರಡೆರಡು ಜೋಡಿಸಿ ಹಾಸಿಗೆ ಮಾಡಿದರು. ಜಗಳೂರಿನವರು ಮೈದಾನದ ಕಲ್ಲು ಆಯಲು ಇಡೀ ಊರನ್ನು ಇಳಿಸಿದ್ದಾರಂತೆ, ಚನ್ನಗಿರಿಯವರು ಬ್ಯಾಂಡ್ ಸೆಟ್ಟು ಗೊತ್ತು ಮಾಡಿದ್ದಾರಂತೆ ಎಂಬ ಸುದ್ದಿಗಳೂ ಬಂದವು. ಅವರು ಏನು ಬೇಕಾದರೂ ಮಾಡಿಕೊಳ್ಳಲಿ, ಕೊಟ್ರಮ್ಮನಿಗೆ ಅದರಿಂದೇನು? ಆಕೆಯ ಕಿವಿ ಇದ್ದದ್ದೆಲ್ಲ ಹೊನ್ನಾಳಿಯ ಕಡೆಗೆ.

ಹೊನ್ನಾಳಿಯಿಂದ ಬಂದ ಸುದ್ದಿ ಒಂದೊಂದೂ ಮೆಣಸಿನಪುಡಿಯೇ. ಇರಾನಿನವರನ್ನು ಸರ್ಕಾರಿ ಬಂಗಲೆ ಐಬಿಯಲ್ಲಿ ಇಳಿಸುತ್ತಾರಂತೆ. ಅಲ್ಲಿ ಒಳಗೇ ಪಾಯಖಾನೆ ಐತಂತೆ, ನಲ್ಲಿ ತಿರುಗಿಸಿದರೆ ನೀರಂತೆ. ನ್ಯಾಮತಿಯಲ್ಲಿ ಶಾಲೆಯ ಹಿಂದೆ ಗಳ ನೆಟ್ಟು, ತೆಂಗಿನ ಗರಿಯ ತಟ್ಟಿ ಕಟ್ಟಿದ್ದರು. ಕೊಟ್ರಮ್ಮ ಅದನ್ನು ಹೋಗಿ ನೋಡಿ ಬಂದು, ಅದೇ ತನ್ನ ಹಣೆಬರಹ ಎಂಬಂತೆ ಗಂಡನ ಮುಂದೆ ಮುಖ ಊದಿಸಿಕೊಂಡು ಕೂತಳು.

"ಅದಕ್ಕೂ ಹೊಟ್ಟೆಕಿಚ್ಚೇನೇ ಮಾರಾಯ್ತಿ?" ಎಂದ ಮರುಳಪ್ಪ.

"ಹೊಟ್ಟೆಕಿಚ್ಚು ಯಾಕೆ ಬರ್ಬಾರ್ದು? ಆಕೆಗೆ ಎಲ್ಲಾ ಒಳಗೇ ಐತೆ, ನಮಗೆ ಎಲ್ಲಾ ಬಯಲಲ್ಲಿ!"

ಮರುಳಪ್ಪ ಎದ್ದು ಅಂಗಡಿಗೆ ಹೋದ.

ಶನಿವಾರ ಸಂಜೆ ಕೀನ್ಯಾದ ಹುಡುಗರು ಬಂದಿಳಿದರು. ಊರಿಗೆ ಊರೇ ಬಸ್ ಸ್ಟ್ಯಾಂಡಿನಲ್ಲಿ. ಎತ್ತರದ, ನಗುಮುಖದ ಹುಡುಗರು. ಅವರ ನಾಯಕ ಜೋಸೆಫ್ ಎಂಬವನಿಗೆ ಎರಡು ವರ್ಷದ ದಾವಣಗೆರೆಯ ವಾಸದಲ್ಲಿ ಒಂದಿಷ್ಟು ಕನ್ನಡ ಅಂಟಿಕೊಂಡಿತ್ತು. ಕೊಟ್ರಮ್ಮ ಆರತಿ ಎತ್ತಿದಾಗ, "ನಮಸ್ಕಾರ ಅಮ್ಮ, ಚೆನ್ನಾಗಿದ್ದೀರಾ?" ಎಂದುಬಿಟ್ಟ. ಜನ ಚಪ್ಪಾಳೆ ತಟ್ಟಿದರು, ಕೊಟ್ರಮ್ಮನ ಕಣ್ಣಿನಲ್ಲಿ ನೀರು ಬಂತು. ರಾತ್ರಿ ತನ್ನ ಮನೆಯ ಅಂಗಳದಲ್ಲಿ ಅವರನ್ನೆಲ್ಲ ಕೂರಿಸಿ ಮುದ್ದೆ, ಅವರೆಕಾಳಿನ ಸಾರು, ಅನ್ನ ಬಡಿಸಿದಳು. ಮುದ್ದೆ ಕಂಡು ಅವರು ತಮ್ಮಲ್ಲೇ ಏನೋ ಮಾತಾಡಿ ನಕ್ಕರು. ತಮ್ಮ ಊರಲ್ಲೂ ಮೆಕ್ಕೆಜೋಳದ ಹಿಟ್ಟಿನದು ಇಂಥದ್ದೇ ಇದೆ ಎಂದು ಜೋಸೆಫ್ ಕೈಸನ್ನೆಯಲ್ಲಿ, ಮುರುಕು ಕನ್ನಡದಲ್ಲಿ ವಿವರಿಸಿದ. ಅವರು ಕೈಯಲ್ಲೇ ಮುರಿದು, ಸಾರಿನಲ್ಲಿ ಅದ್ದಿ, ಒಬ್ಬೊಬ್ಬರು ಎರಡೆರಡು ಮುದ್ದೆ ಇಳಿಸಿದರು. ಅಂತರಘಟ್ಟಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಏ, ಇವ್ರು ನಮ್ಮೋರೇ ಕಣ್ರೀ!" ಎಂದಳು ಕೊಟ್ರಮ್ಮ.

ಆ ಒಂದು ಮಾತೇ ಮರುದಿನ ಎಲ್ಲ ಎಡವಟ್ಟಿಗೂ ಕಾರಣವಾಯಿತು.

ಭಾನುವಾರ ಮಧ್ಯಾಹ್ನಕ್ಕೆ ಕೀನ್ಯಾದವರಿಗೆಂದೇ ಕೊಟ್ರಮ್ಮ ಹೋಳಿಗೆ ಮಾಡಿದ್ದಳು. ಬೆಳಗಿನಿಂದ ನಾಲ್ಕು ಜನ ಹೆಂಗಸರು ಕೂತು ಹೂರಣ ರುಬ್ಬಿ, ಕಣಕ ನಾದಿ, ತಟ್ಟಿ ತಟ್ಟಿ ಬುಟ್ಟಿ ತುಂಬಿಸಿದ್ದರು. ಹೋಳಿಗೆ ಸಾರು, ಕೋಸಂಬರಿ, ಬಾಳೆಹಣ್ಣಿನ ಸೀಕರಣೆ, ಬಿಸಿ ತುಪ್ಪ. ಆಟಕ್ಕೆ ಮೊದಲು ಗಟ್ಟಿಯಾಗಿ ಉಂಡರೆ ಗಟ್ಟಿಯಾಗಿ ಆಡುತ್ತಾರೆ ಎಂದು ಆಕೆಯ ಲೆಕ್ಕ. ಗದ್ದೆ ಕೆಲಸಕ್ಕೆ ಹೋಗುವವನಿಗೆ ಹೊಟ್ಟೆ ತುಂಬ ಹಾಕಿ ಕಳಿಸುವ ಊರಿನಲ್ಲಿ ಹುಟ್ಟಿದವಳು ಬೇರೆ ಏನು ಯೋಚಿಸಿಯಾಳು?

ಅಷ್ಟರಲ್ಲಿ ಹೊನ್ನಾಳಿಯ ಬಸ್ಸು ಬಂತು. ಇರಾನಿನ ಹುಡುಗರು ಇಳಿದರು, ಹಿಂದೆಯೇ ವಿರೂಪಾಕ್ಷಪ್ಪ, ಹೊನ್ನಾಳಿಯ ಒಂದು ಹಿಂಡು ಗಂಡಸರು, ಕೊನೆಗೆ ಆರೇಳು ಹೆಂಗಸರೊಂದಿಗೆ ಶಾಂತಾದೇವಿ. ಕೈಯಲ್ಲಿ ದೊಡ್ಡ ಬಟ್ಟೆಯ ಚೀಲ. ಬುತ್ತಿ! ತಂಗಿಯ ಊರಿಗೆ ಬರುವಾಗಲೂ ಬುತ್ತಿ ಕಟ್ಟಿಕೊಂಡು ಬಂದಿದ್ದಾಳೆ! ಕೊಟ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಬಾ ಅಕ್ಕ. ನೀನೇನು ಬಿಡು, ಉಂಡೇ ಬಂದಿರ್ತಿ, ಮೇಲೆ ಬುತ್ತೀನೂ ತಂದೀಯ" ಎಂದಳು.

ಶಾಂತಾದೇವಿ ತಂಗಿಯ ಮುಖವನ್ನೇ ನೋಡಿದಳು. "ಹ್ಞೂ ಕಣೇ, ಆಯ್ತು" ಎಂದು, ಹೆಂಗಸರನ್ನು ಕರೆದುಕೊಂಡು ಹೈಸ್ಕೂಲಿನ ಕಡೆಗೆ ನಡೆದಳು.

ಇಷ್ಟಕ್ಕೇ ನಿಂತಿದ್ದರೆ ಹೋಳಿಗೆ ಕೀನ್ಯಾದವರ ಹೊಟ್ಟೆಗೆ ಹೋಗುತ್ತಿತ್ತು. ಆದರೆ ಇರಾನಿನ ನಾಯಕ, ಕೆಂಪು ಗಲ್ಲದ ಒಬ್ಬ ಹುಡುಗ, ಮರುಳಪ್ಪನ ಕೈ ಕುಲುಕುತ್ತ, ಪಾಪ ಮರ್ಯಾದೆಗೆಂದು, "ಹೊನ್ನಾಳಿ ಅಮ್ಮ, ಊಟ, ಫಸ್ಟ್ ಕ್ಲಾಸ್!" ಎಂದು ತೋರುಬೆರಳನ್ನು ಹೆಬ್ಬೆರಳಿಗೆ ಮಡಿಸಿ ತೋರಿಸಿದ. ನೆರೆದವರೆಲ್ಲ ಹೋ ಎಂದು ನಕ್ಕರು. ವಿರೂಪಾಕ್ಷಪ್ಪ ಮೀಸೆಯಡಿ ನಕ್ಕು, "ನಮ್ಮನೆಯಾಕೆ ಬೆಳಿಗ್ಗೇನೇ ಕೇಸರಿಬಾತು, ಉಪ್ಪಿಟ್ಟು, ಅವಲಕ್ಕಿ ಅಂತ ಬಾಳೆಎಲೆ ಹಾಕಿ ಬಡಿಸ್ಯಾಳ್ರೀ" ಎಂದ.

ಕೊಟ್ರಮ್ಮನ ಕಿವಿಯಲ್ಲಿ ಫಸ್ಟ್ ಕ್ಲಾಸ್, ಫಸ್ಟ್ ಕ್ಲಾಸ್ ಎಂದು ಒಂದೇ ಸಮನೆ ಮೊಳಗತೊಡಗಿತು. ಇವನಿಗೆ ಅಕ್ಕನ ಕೈಯ ರುಚಿ ಗೊತ್ತು, ನನ್ನ ಕೈಯ ರುಚಿ ಗೊತ್ತಿಲ್ಲ! ಎರಡನ್ನೂ ತಿಂದು ಹೇಳಲಿ ನೋಡೋಣ. ಇವತ್ತೇ ಹೇಳಲಿ, ಹೊನ್ನಾಳಿಯವರ ಎದುರಿಗೇ ಹೇಳಲಿ.

"ರೀ, ಊರಿಗೆ ಬಂದೋರನ್ನ ಹಂಗೇ ಬಿಸಿಲಿಗೆ ಇಳಿಸಿ ಆಡ್ಸಾಕಾಗುತ್ತಾ? ಕರ್ಕೊಂಡು ಬರ್ರಿ ಮನೆಗೆ" ಎಂದಳು.

"ಅವ್ರು ಉಂಡೇ ಬಂದಾರಂತಲ್ಲೇ!"

"ಅಕ್ಕನ ಮನೇಲಿ ಉಂಡ್ರೆ ತಂಗಿ ಮನೇಲಿ ಕೈ ತೊಳೀಬಾರ್ದೇನು? ಕರ್ಕೊಂಡು ಬರ್ರಿ ಅಂದ್ನಲ್ಲ!"

ಅಂಗಳದಲ್ಲಿ ಬಾಳೆ ಎಲೆ ಬಿದ್ದವು. ಇರಾನಿನ ಹುಡುಗರು ಬಲಿಗೆ ಬಂದವರ ಹಾಗೆ ಕೂತರು. ಮೊದಲ ಹೋಳಿಗೆ ಬಿದ್ದಾಗ ತಿಂದರು. ಎರಡನೆಯದಕ್ಕೆ ಕೈ ಅಡ್ಡ ಹಿಡಿದರು. ಮ್ಯಾಚು, ಮ್ಯಾಚು ಎಂದು ಹೊಟ್ಟೆ ಮುಟ್ಟಿ ತೋರಿಸಿದರು. ಬೇಡ ಎಂದವರಿಗೆ ಇನ್ನೊಂದು ಹಾಕದಿದ್ದರೆ ಆ ಮನೆಯವರಿಗೆ ಹಾಕುವ ಮನಸ್ಸಿರಲಿಲ್ಲ ಎಂದಾಗುವುದಿಲ್ಲವೇ? ಬೇಡ ಎನ್ನುವುದು ಬಂದವರ ಮರ್ಯಾದೆ, ಹಾಕುವುದು ಮನೆಯವರ ಮರ್ಯಾದೆ. ಕೊಟ್ರಮ್ಮ ಅಡ್ಡ ಹಿಡಿದ ಕೈಗಳ ಸಂದಿಯಲ್ಲೇ ಹೋಳಿಗೆ ಜಾರಿಸಿದಳು. ಮೇಲೆ ತುಪ್ಪ, ತುಪ್ಪದ ಮೇಲೆ ಸೀಕರಣೆ. ಎಲೆಯಲ್ಲಿ ಬಿಡುವುದು ಅನ್ನಕ್ಕೆ ಅವಮಾನವೆಂದು ಹೊನ್ನಾಳಿಯಲ್ಲಿ ಯಾರೋ ಅವರಿಗೆ ಹೇಳಿಕೊಟ್ಟಿದ್ದರಂತೆ. ಒಳ್ಳೆಯ ಮನೆಯ ಹುಡುಗರು, ಕಣ್ಣು ಮೇಲೆ ಮಾಡಿಕೊಂಡು ನುಂಗಿದರು.

"ಹೆಂಗೈತೆ?" ಎಂದು ಕೇಳಿದಳು ಕೊಟ್ರಮ್ಮ.

ಬಾಯಿ ತೆರೆಯುವ ಶಕ್ತಿ ಇರದ ಕೆಂಪು ಗಲ್ಲದ ಹುಡುಗ ಬೆರಳು ಮಡಿಸಿ ತೋರಿಸಿದ.

"ಹೊನ್ನಾಳಿಗಿಂತ?"

ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಬೆರಳು ಮಡಿಸಿದ. ಕೊಟ್ರಮ್ಮ ಅದನ್ನು ತನಗೆ ಬೇಕಾದ ಹಾಗೆ ತಿಳಿದುಕೊಂಡು ಇನ್ನೊಂದು ಹೋಳಿಗೆ ಹಾಕಿದಳು.

ಅಂತರಘಟ್ಟಮ್ಮ ಹಿಂದಿನಿಂದ ಸೆರಗು ಎಳೆದಳು. "ಕೊಟ್ರವ್ವ, ಬುಟ್ಟಿ ತಳ ಕಾಣಾಕತ್ತೈತೆ. ನಿಮ್ಮ ಕೀನ್ಯಾದ ಹುಡುಗ್ರು ಶಾಲೇಲಿ ಕಾಯ್ತಾ ಕೂತಾವೆ."

"ಅವ್ರು ನಮ್ಮೋರಲ್ವಾ? ಬಂದ ನೆಂಟ್ರು ಉಂಡ ಮೇಲೆ ಮನೆಯೋರು ಉಣ್ಣೋದು. ಆಮೇಲೆ ಅನ್ನ ಇಟ್ಟು ಕಳಿಸ್ತೀನಿ."

ಮಾತು ಸುಳ್ಳಲ್ಲ. ಯಾವ ಮನೆಯಲ್ಲಿ ಮನೆಯವರು ಮೊದಲು ಉಂಡಿದ್ದಾರೆ? ಆದರೆ ನೆಂಟರು ಉಂಡು ಕೈ ತೊಳೆಯುವ ಹೊತ್ತಿಗೆ ಮೈದಾನದಲ್ಲಿ ಮೈಕು ಕೂಗತೊಡಗಿತು. ವಿರೂಪಾಕ್ಷಪ್ಪನ ಜೊತೆಗಾರರೂ ಎರಡು ಪಂಕ್ತಿ ಕೂತೆದ್ದರು. ಕೊಟ್ರಮ್ಮ ಹೊಸ ಸೀರೆ ಉಡಬೇಕಿತ್ತು, ಅಕ್ಕನ ಪಕ್ಕದಲ್ಲೇ ಕುರ್ಚಿ ಹಿಡಿಯಬೇಕಿತ್ತು. ಅನ್ನಕ್ಕೆ ಎಸರು ಇಡುವುದು ಮರೆತೇಹೋಯಿತು.

ಆಟ ಶುರುವಾಯಿತು. ಶುರುವಾಯಿತು ಎನ್ನುವುದೂ ತಪ್ಪೇ. ಇರಾನಿನವರು ಮೈದಾನದಲ್ಲಿ ನಿಂತಿದ್ದರು, ಅಷ್ಟೇ. ಚೆಂಡು ಅವರ ಪಕ್ಕದಲ್ಲೇ ಉರುಳಿ ಹೋದರೂ ಬಗ್ಗಿ ನೋಡುವುದೂ ಕಷ್ಟವಾಗಿತ್ತು. ಒಬ್ಬ ಸೊಂಟ ಹಿಡಿದುಕೊಂಡ. ಕೆಂಪು ಗಲ್ಲದ ನಾಯಕ ನಾಲ್ಕು ಹೆಜ್ಜೆ ಓಡಿ, ಅಡಿಕೆ ಕಂಬಕ್ಕೆ ಒರಗಿ ಏದುಸಿರು ಬಿಟ್ಟ. ಅವರ ಗೋಲ್‌ಕೀಪರಂತೂ ಚೆಂಡು ಬಂದಾಗ ಹಾರುವ ಬದಲು ಮೆಲ್ಲಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕೀನ್ಯಾದವರು ಜಿಂಕೆಗಳ ಹಾಗೆ ಓಡಿದರು. ಒಂದು ಗೋಲು, ಎರಡು, ಮೂರು, ನಾಲ್ಕು. ನ್ಯಾಮತಿಯವರು ಟೋಪಿ ಟವೆಲ್ಲು ಹಾರಿಸಿದರು. ಹೊನ್ನಾಳಿಯವರು ಎದ್ದು, "ಹೊಟ್ಟೆಗೆ ಹಾಕಿ ಹೊಡದ್ರಲ್ಲೋ! ಇದು ಮೋಸ!" ಎಂದು ಅಬ್ಬರಿಸಿದರು.

ಕೊಟ್ರಮ್ಮ ಮೊದಲು ಬೆಚ್ಚಿದಳು, ಆಮೇಲೆ ಒಳಗೊಳಗೇ ಹಿಗ್ಗಿದಳು. ಬೇಕೆಂದು ಮಾಡಿದ್ದಲ್ಲ, ದೇವರಾಣೆ. ಆದರೆ ಆದದ್ದಾಯಿತಲ್ಲ! ಫೈನಲ್ಲು ನ್ಯಾಮತಿಗೆ ಬಂತು. ಅಕ್ಕ ಮೊದಲನೆಯ ಪಂಕ್ತಿಯಲ್ಲಿ ಕೂರಬೇಕು. ಪಕ್ಕಕ್ಕೆ ತಿರುಗಿ ನೋಡಿದಳು. ಶಾಂತಾದೇವಿ ಸೋತ ಮುಖ ಮಾಡಿಕೊಂಡಿರಲಿಲ್ಲ. ಕೀನ್ಯಾದ ಹುಡುಗರನ್ನು ನೋಡಿ ನಗುತ್ತ ಕೂತಿದ್ದಳು. ಕೂತಿರಲಿ, ತೋರಿಕೆಯ ನಗು, ಎಂದುಕೊಂಡಳು ಕೊಟ್ರಮ್ಮ.

ಕೊನೆಗೆ ಮರುಳಪ್ಪ ಜೋಸೆಫನನ್ನು ಮೈಕಿನ ಮುಂದೆ ಎಳೆದು ತಂದ. "ಕನ್ನಡದಾಗೇ ಎರಡು ಮಾತಾಡಪ್ಪ, ನಮ್ಮ ಊರಿನ ಬಗ್ಗೆ" ಎಂದ.

ಜೋಸೆಫ್ ಬೆವರು ಒರೆಸಿಕೊಂಡು, ಒಂದೊಂದೇ ಪದ ಜೋಡಿಸುತ್ತ ಹೇಳಿದ. "ನಮಸ್ಕಾರ. ಇವತ್ತು ಬೆಳಿಗ್ಗೆ ಚಾ ಕುಡಿದ್ವಿ. ಮಧ್ಯಾಹ್ನ ಊಟ ಬರಲಿಲ್ಲ. ಹೊಟ್ಟೆ ಖಾಲಿ. ಆಟ ಹೇಗೆ ಅಂತ ಹೆದರಿಕೆ. ಆಗ ಹೊನ್ನಾಳಿ ಅಮ್ಮ ಬಂದ್ರು. ಅವರ ಚೀಲ ತೆಗೆದು ಎಲ್ಲ ರೊಟ್ಟಿ ನಮಗೆ ಕೊಟ್ರು. ಚಟ್ನಿ ಕೊಟ್ರು. ಆ ರೊಟ್ಟಿ ತಿಂದು ಓಡಿದ್ವಿ. ಗೆದ್ದದ್ದು ಹೊನ್ನಾಳಿ ಅಮ್ಮನ ರೊಟ್ಟಿ. ಥ್ಯಾಂಕ್ಯೂ ಅಮ್ಮ."

ಹೊನ್ನಾಳಿಯ ಗಂಡಸರು ಹಾಕಿದ ಕೇಕೆ ಹೊಳೆಯವರೆಗೂ ಕೇಳಿಸಿರಬೇಕು. ಸೋತವರು ಅವರು, ಕುಣಿದವರೂ ಅವರೇ. ವಿರೂಪಾಕ್ಷಪ್ಪ ಪೇಟ ಸರಿ ಮಾಡಿಕೊಂಡ. ಮರುಳಪ್ಪ ಮೈಕಿನ ಪಕ್ಕದಲ್ಲಿ ನಿಂತು ತನ್ನ ಚಪ್ಪಲಿಯನ್ನೇ ನೋಡತೊಡಗಿದ.

ಕೊಟ್ರಮ್ಮ ಎದ್ದು, ಯಾರ ಮುಖವನ್ನೂ ನೋಡದೆ ಮನೆಯ ದಾರಿ ಹಿಡಿದಳು. ಹೊಸ ಸೀರೆಯ ನೆರಿಗೆ ಕಾಲಿಗೆ ತೊಡರುತ್ತಿತ್ತು. ನನ್ನ ನೆಂಟರು ಉಪವಾಸ. ನನ್ನ ನೆಂಟರಿಗೆ ಅಕ್ಕ ಉಣಬಡಿಸಿದ್ದು. ನಾನು ಗೆದ್ದರೂ ಅಕ್ಕನದೇ ಹೆಸರು! ನೆನೆದಷ್ಟೂ ಹೊಟ್ಟೆಯೊಳಗೆ ಕೊಳ್ಳಿ ಇಟ್ಟಂತಾಗುತ್ತಿತ್ತು. ಆ ಹುಡುಗರ ಹಸಿದ ಮುಖ ನೆನಪಾಗಿ ನಾಚಿಕೆಯೂ ಆಗುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ನಾಚಿಕೆಗಿಂತ ಹೊಟ್ಟೆಕಿಚ್ಚೇ ಒಂದು ಕೈ ಮೇಲಿತ್ತು.

ಮನೆಯ ಬಾಗಿಲು ತೆರೆದು ಜಗಲಿಯ ಮೇಲೆ ಕುಸಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಹತ್ತಿರ ಹೆಜ್ಜೆಯ ಸದ್ದಾಯಿತು. ಶಾಂತಾದೇವಿ. ಕೈಯಲ್ಲಿ ಖಾಲಿ ಚೀಲ ಮಡಿಸಿ ಹಿಡಿದಿದ್ದಳು.

ಕೊಟ್ರಮ್ಮನ ಬಾಯಿಗೆ ಅಭ್ಯಾಸದ ಮಾತೇ ಬಂತು. "ಬಾ ಅಕ್ಕ. ನೀನೇನು ಬಿಡು, ಉಂಡೇ..."

"ಉಂಡಿಲ್ಲ ಕಣೇ" ಎಂದಳು ಶಾಂತಾದೇವಿ. "ಬೆಳಿಗ್ಗೆ ಆ ಹುಡುಗ್ರಿಗೆ ಮಾಡಿ ಹಾಕೋದ್ರಾಗೆ ನಂಗೆ ಆಗ್ಲಿಲ್ಲ. ಬುತ್ತೀಲಿ ಉಣ್ಣಾನ ಅಂತ ಕಟ್ಕೊಂಡಿದ್ದೆ, ಅದೂ ಹೋತು. ಹೊಟ್ಟೆ ಹಸ್ದು ಕಣ್ಣು ಕತ್ತಲೆ ಬರ್ತಾ ಐತೆ. ಏನೈತೆ ಮನೇಲಿ?"

ಕೊಟ್ರಮ್ಮ ದಿಗ್ಗನೆ ಎದ್ದು ನಿಂತಳು. ಹನ್ನೆರಡು ವರ್ಷ ಕಾದ ಗಳಿಗೆ ಇದು! ಏನೈತೆ ಮನೇಲಿ? ಬುಟ್ಟಿ ತುಂಬ ಹೋಳಿಗೆ ಇತ್ತು, ಎಲ್ಲ ಇರಾನಿನ ಹೊಟ್ಟೆ ಸೇರಿತ್ತು. ತುಪ್ಪದ ಗಿಂಡಿ ಬರಿದು. ಸಾರಿನ ಪಾತ್ರೆ ಬರಿದು. ಇಡೀ ಊರಿಗೆ ಬಡಿಸಿದ ಮನೆಯಲ್ಲಿ ಇವಳೊಬ್ಬಳಿಗೆ ಏನೂ ಇಲ್ಲ.

ಹೊಟ್ಟೆಯ ಉರಿಯೆಲ್ಲ ಬಾಯಿಗೆ ಬಂತು. "ಹನ್ನೆರಡು ವರ್ಷ ಒಂದಿನಾನೂ ಉಣ್ಣದೋಳು ಇವತ್ತೇ ಬರಬೇಕೇನೇ? ಎಲ್ಲಾ ಖಾಲಿಯಾದ ದಿನಾನೇ? ನೋಡಿ ನಗಾಕೆ ಬಂದೀಯ?"

ಶಾಂತಾದೇವಿ ಬಾಗಿಲ ಚೌಕಟ್ಟಿಗೆ ಒರಗಿ ಜಗಲಿಯ ಮೇಲೆ ಕೂತಳು. ಆಕೆಯ ದನಿ ಏರಲಿಲ್ಲ.

"ಯಾವತ್ತು ಊಟಕ್ಕೆ ಏಳು ಅಂದೀಯೇ ಕೊಟ್ರಿ? ಒಂದು ದಿನ ಆದ್ರೂ, ಏಳಕ್ಕ, ಕೈ ತೊಳಿ ಅಂದೀಯೇನು? ಹೊಸ್ತಿಲಲ್ಲೇ ಉಂಡೇ ಬಂದಿರ್ತಿ ಅಂತೀಯ. ಹಂಗಂದ ಮೇಲೆ ಇಲ್ಲ, ನಂಗೆ ಹಾಕು ಅಂತ ಹೆಂಗೆ ಕೇಳ್ಲಿ? ಎಷ್ಟು ಸಲ ಇಲ್ಲಿಂದ ಹಸ್ಕೊಂಡೇ ಬಸ್ ಹತ್ತೀನಿ ಗೊತ್ತೇನು ನಿಂಗೆ? ಅದಕ್ಕೇ ಬುತ್ತಿ ಕಟ್ಕೊಂಡು ಬರೋದು ಕಲ್ತೆ."

ಕೊಟ್ರಮ್ಮ ಒಳಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡಿದಳು. ರಾತ್ರಿಯ ಅನ್ನ ಒಂದಿಷ್ಟು ಮೂಲೆಯ ತಪ್ಪಲೆಯಲ್ಲಿತ್ತು. ಗಡಿಗೆಯಲ್ಲಿ ಒಂದು ಹಿಡಿ ಮೊಸರು. ಕಲಸಿದಳು, ಉಪ್ಪು ಹಾಕಿದಳು, ಉಪ್ಪಿನಕಾಯಿ ಇಟ್ಟಳು. ಮಣೆ ಹಾಕಿ, ನೀರಿನ ತಂಬಿಗೆ ಇಟ್ಟು, ಬಾಗಿಲಿಗೆ ಬಂದು ನಿಂತಳು.

"ಏಳಕ್ಕ. ಕೈ ತೊಳಿ."

ಶಾಂತಾದೇವಿ ಮಣೆಯ ಮೇಲೆ ಕೂತಳು. ಹಸಿದವಳು ಉಣ್ಣುವ ಹಾಗೆ ತಲೆಯೆತ್ತದೆ ಉಂಡಳು. ಕೊಟ್ರಮ್ಮ ಎದುರಿಗೆ ತಪ್ಪಲೆ ಹಿಡಿದು ಕೂತಿದ್ದಳು. ಕನಸಿನಲ್ಲಿ ನಾಲ್ಕೂರಿನ ಜನ ಇದ್ದರು, ಹೋಳಿಗೆ ಇತ್ತು. ಇಲ್ಲಿ ರಾತ್ರಿಯ ಅನ್ನ, ನೋಡುವವರು ಯಾರೂ ಇಲ್ಲ.

"ಇನ್ನೊಂಚೂರು ಹಾಕೇ" ಎಂದಳು ಅಕ್ಕ.

ಕೊಟ್ರಮ್ಮ ಸೌಟು ಇಳಿಸಿದಳು. ಸೌಟು ತಪ್ಪಲೆಯ ತಳವನ್ನು ಕೆರೆಯಿತು. ಕರ್ ಎಂದ ಆ ಸದ್ದು ಇಬ್ಬರಿಗೂ ಕೇಳಿಸಿತು.

ಅಕ್ಕ ತಟ್ಟನೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. "ಬ್ಯಾಡ ಬ್ಯಾಡ, ಸಾಕು. ಹೊಟ್ಟೆ ತುಂಬ್ತು ಕಣೇ" ಎಂದಳು.

ಸುಳ್ಳು. ಹಸಿ ಹಸಿ ಸುಳ್ಳು. ಎಷ್ಟು ಬೇಗ ಹೇಳಿದಳು, ಎಷ್ಟು ಚೆಂದ ಹೇಳಿದಳು! ತಂಗಿಯ ಮಾನ ಉಳಿಸುವುದರಲ್ಲೂ ಇವಳೇ ಮುಂದೆ, ಇದರಲ್ಲೂ ನಾನೇ ಹಿಂದೆ, ಎಂದು ಕೊಟ್ರಮ್ಮನಿಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಕಣ್ಣಿನಿಂದ ನೀರು ಇಳಿಯಿತು. ಅದನ್ನು ಸೆರಗಿನಿಂದ ಒರೆಸಿಕೊಳ್ಳುತ್ತಲೇ ಅಕ್ಕನ ಭುಜವನ್ನು ಗಟ್ಟಿಯಾಗಿ ಹಿಡಿದು ಮಣೆಯ ಮೇಲೆ ಒತ್ತಿ ಕೂರಿಸಿದಳು.

"ಏಳಬ್ಯಾಡ. ಕೈ ತೊಳೆದೀಯ ಅಂದ್ರೆ ನೋಡು! ಹಿಟ್ಟು ಐತೆ, ರೊಟ್ಟಿ ತಟ್ತೀನಿ. ನಿನ್ನ ರೊಟ್ಟೀಗಿಂತ ಚಲೋ ತಟ್ತೀನಿ. ತಿಂದು ಹೇಳ್ಬೇಕು."

"ಲೇ, ಕೊನೇ ಬಸ್ಸು ಹೋಗುತ್ತಲ್ಲೇ!"

"ಹೋಗ್ಲಿ" ಎಂದು ಕೊಟ್ರಮ್ಮ ಒಲೆಯ ಬೂದಿ ಕೆದಕಿ ಬಗ್ಗಿ ಊದತೊಡಗಿದಳು. ಹೊರಗೆ ಹೊನ್ನಾಳಿಯ ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು. ಎಂಜಲು ಕೈ ಒಣಗಿಸಿಕೊಂಡು ಶಾಂತಾದೇವಿ ಮಣೆಯ ಮೇಲೆ ಕೂತೇ ಇದ್ದಳು.